ಬೆರಳ ಹಿಂಬದಿಯ ಪಾಠ

ವಿರುಪಣ್ಣ ಮೂವತ್ತಾರು ವರ್ಷ ಕಂಬ ಹತ್ತಿ ಇಳಿದ ಮನುಷ್ಯ. ಯಲಬುರ್ಗಾ ಸೀಮೆಯಲ್ಲಿ ಅವನು ಹತ್ತದ ಕಂಬ, ಹಾಕದ ಫ್ಯೂಸು, ಬೈಸಿಕೊಳ್ಳದ ಊರು ಇರಲಿಲ್ಲ. ಕರೆಂಟು ಹೋದರೆ ಜನ ಅವನ ಹಿಂದಿನ ಮೂರು ತಲೆಮಾರನ್ನೂ ನೆನೆಯುತ್ತಿದ್ದರು. ಬಂದರೆ ಅದೇ ಜನ ಕೈ ಹಿಡಿದು ಕೂಡಿಸಿ ಚಹಾ ಕುಡಿಸುತ್ತಿದ್ದರು. ನಿವೃತ್ತಿಯಾದ ಮರುದಿನದಿಂದ ಬೈಗುಳವೂ ನಿಂತಿತು, ಚಹಾವೂ ನಿಂತಿತು. ಬೈಯುವವರಿಲ್ಲದೆ ದಿನ ಕಳೆಯುವುದು ಇಷ್ಟು ಕಷ್ಟವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗಾಗಿ ಕುಷ್ಟಗಿಯ ಹೊರಗಿರುವ ತರಬೇತಿ ಕೇಂದ್ರದವರು ಪ್ರಾಕ್ಟಿಕಲ್ ಕಲಿಸಲು ಬರುತ್ತೀರಾ ಎಂದು ಕೇಳಿದಾಗ ಅವನು ಸಂಬಳ ಎಷ್ಟೆಂದೂ ಕೇಳದೆ ಒಪ್ಪಿಕೊಂಡ. ಆ ಕೇಂದ್ರ ಹೊಸ ಕಾಲದ ಕರೆಂಟಿಗಾಗಿಯೇ ಹುಟ್ಟಿದ್ದು. ಸುತ್ತಲಿನ ಎರೆ ಹೊಲಗಳಲ್ಲಿ ಗಾಳಿಯಂತ್ರಗಳು ಎದ್ದಿದ್ದವು, ಬೀಳುಬಿದ್ದ ಮಸಾರಿ ನೆಲದ ತುಂಬ ಸೋಲಾರ್ ಹಲಗೆಗಳು ಹರಡಿದ್ದವು, ಹಳೆಯ ಸಬ್‌ಸ್ಟೇಷನ್ನುಗಳಿಗೂ ಕಂಪ್ಯೂಟರ್ ಬಂದಿತ್ತು. ಇವನ್ನೆಲ್ಲ ನೋಡಿಕೊಳ್ಳಲು ಜನ ಬೇಕಲ್ಲ. ಐಟಿಐ ಮುಗಿಸಿದ ಮೂವತ್ತು ಮಂದಿಯನ್ನು ಆರಿಸಿ, ಆರು ತಿಂಗಳು ಕಲಿಸಿ, ಕೊನೆಗೆ ಹೊರಗಿನ ಪರೀಕ್ಷಕರಿಂದ ಪರೀಕ್ಷೆ ಮಾಡಿಸಿ, ಪಾಸಾದವರನ್ನು ನೇರ ಕೆಲಸಕ್ಕೆ ಕಳಿಸುವ ಏರ್ಪಾಡು. ಪುಸ್ತಕದ ಪಾಠ ಕೇಂದ್ರದ ಮುಖ್ಯಸ್ಥ ಸುಭಾಷ್‌ನದು; ಅವನು ಕೊಪ್ಪಳದವನು, ಮೂವತ್ತೆರಡರ ಇಂಜಿನಿಯರ್, ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡುತ್ತಿದ್ದ. ಅಂಗಳದ ಪಾಠ ವಿರುಪಣ್ಣನದು. ಅಲ್ಲಿ ನಾಲ್ಕು ಕಂಬ, ಟಿ.ಸಿ. ಎನ್ನುವ ಒಂದು ಟ್ರಾನ್ಸ್‌ಫಾರ್ಮರ್, ಒಂದು ಸಾಲು ಪ್ಯಾನೆಲ್ ಪೆಟ್ಟಿಗೆಗಳಿದ್ದವು.

ಕೇಂದ್ರದವರು ಅವನಿಗೆ ಕಡುನೀಲಿ ಅಂಗಿಯೊಂದನ್ನು ಕೊಟ್ಟಿದ್ದರು. ಎದೆಯ ಮೇಲೆ ಬಿಳಿ ದಾರದಲ್ಲಿ ‘ತರಬೇತುದಾರ’ ಎಂದು ಹೊಲಿದಿತ್ತು. ವಿರುಪಣ್ಣ ಅದನ್ನು ಭಾನುವಾರ ಸಂತೆಗೂ ಹಾಕಿಕೊಂಡು ಹೋಗುತ್ತಿದ್ದ. ಬದನೆಕಾಯಿ ಆರಿಸುವಾಗ ಎದೆ ಸ್ವಲ್ಪ ಮುಂದೆ ಮಾಡಿ ನಿಲ್ಲುತ್ತಿದ್ದ, ಓದಲು ಬರುವವರು ಓದಲಿ ಎಂದು. ನಗಬೇಡಿ. ಅರವತ್ತೊಂದರ ವಯಸ್ಸಿನಲ್ಲಿ ಮತ್ತೆ ‘ಸರ’ ಅನ್ನಿಸಿಕೊಂಡವನ ಹಿಗ್ಗು ಅದು.

ಆದರೆ ಹಿಗ್ಗಿನ ಒಳಗೆ ಒಂದು ಮುಳ್ಳೂ ಇತ್ತು. ಹುಡುಗರು ಅವನ ಹಳೆಯ ಕತೆಗಳನ್ನು ಬಾಯಿ ತೆರೆದು ಕೇಳುತ್ತಿದ್ದರು, ಸಂಶಯ ಬಂದರೆ ಮಾತ್ರ ಸುಭಾಷ್‌ನ ಕೋಣೆಗೆ ಹೋಗುತ್ತಿದ್ದರು. ಇನ್ವರ್ಟರ್ ಒಳಗೆ ಏನು ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ವಿರುಪಣ್ಣ ನಾಳೆ ನೋಡೋಣ ಅನ್ನುತ್ತಿದ್ದ. ನಾಳೆ ಸುಭಾಷ್‌ನ ಕ್ಲಾಸು ಇರುತ್ತಿತ್ತು. ತಾನೊಂದು ಹಳೆಯ ಸಾಮಾನು, ಕತೆ ಹೇಳಲು ಇಟ್ಟುಕೊಂಡಿದ್ದಾರೆ ಎಂಬುದು ಅವನಿಗೆ ಮೂರನೆಯ ವಾರಕ್ಕೇ ತಿಳಿದುಹೋಗಿತ್ತು.

ಅವನನ್ನೇ ಹುಡುಕಿಕೊಂಡು ಬಂದು ಕೇಳುತ್ತಿದ್ದವಳು ಮಲ್ಲೇಶ್ವರಿ ಒಬ್ಬಳೇ. ಹನುಮಸಾಗರದವಳು, ತಂದೆಯಿಲ್ಲ, ತಾಯಿ ಫಕೀರಮ್ಮ ಕಂಡವರ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಎಲೆಕ್ಟ್ರಿಷಿಯನ್ ವಿಭಾಗದಲ್ಲಿ ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ಎರಡು ವರ್ಷ ಕಳೆದು ಬಂದಿದ್ದ ಆಕೆಗೆ ಮಾತು ಕಡಿಮೆ, ಕೈ ಚುರುಕು. ವಯಸ್ಸು ಇಪ್ಪತ್ತನಾಲ್ಕು ದಾಟಿತ್ತು. ಇಪ್ಪತ್ತೈದರ ಮೇಲಿನವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಇದೇ ಮೊದಲ ಬಾರಿ, ಇದೇ ಕೊನೆಯ ಬಾರಿ ಎಂಬುದು ಅವಳಿಗೂ ಗೊತ್ತು, ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು.

ಒಂದು ದಿನ ಅವಳು ಬಂದು, ಕಂಬದ ಮೇಲಿದ್ದಾಗ ಜೋರು ಗಾಳಿ ಬೀಸಿದರೆ ಯಾವ ಕಾಲಿನ ಮೇಲೆ ಭಾರ ಬಿಡಬೇಕು ಎಂದು ಕೇಳಿದಳು. ಯಾವ ಪುಸ್ತಕದಲ್ಲೂ ಇಲ್ಲದ ಪ್ರಶ್ನೆ ಅದು. ಕಂಬ ಹತ್ತಿದವನಷ್ಟೇ ಉತ್ತರ ಹೇಳಬಲ್ಲ ಪ್ರಶ್ನೆ. ವಿರುಪಣ್ಣ ಅಂದು ಬುತ್ತಿಯನ್ನೂ ಮರೆತು ಒಂದು ತಾಸು ಕಲಿಸಿದ. ಅಂದಿನಿಂದ ಅವಳು ಅವನ ಶಿಷ್ಯೆ, ಉಳಿದ ಇಪ್ಪತ್ತೊಂಬತ್ತು ಮಂದಿ ಬರೀ ಹುಡುಗರು.

ಅವಳಿಗೆ ಏನಾದರೂ ದೊಡ್ಡದನ್ನು ಕೊಡಬೇಕು ಅನ್ನಿಸತೊಡಗಿತು ಅವನಿಗೆ. ಕೊಡಲು ಅವನ ಬಳಿ ಇದ್ದದ್ದಾದರೂ ಏನು? ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದ ಮೇಲೆ, ಅವಳನ್ನು ಪ್ಯಾನೆಲ್ ಪೆಟ್ಟಿಗೆಯ ಮುಂದೆ ನಿಲ್ಲಿಸಿಕೊಂಡು ತನ್ನ ಜೀವಮಾನದ ಗುಟ್ಟನ್ನು ಬಿಚ್ಚಿದ. ಪುಸ್ತಕ ಹೇಳುವ ಕ್ರಮ ಅವಳಿಗೆ ಬಾಯಿಪಾಠವಾಗಿತ್ತು: ಮೊದಲು ಕರೆಂಟು ಬಂದ್ ಮಾಡು, ನಿನ್ನ ಬೀಗ ಜಡಿ, ನಿನ್ನ ಹೆಸರಿನ ಚೀಟಿ ತೂಗುಹಾಕು, ಟೆಸ್ಟರ್ ಹಿಡಿದು ನೋಡು, ಅರ್ಥಿಂಗ್ ಕೊಟ್ಟು ತಂತಿಯನ್ನು ಭೂಮಿಗೆ ಜೋಡಿಸು, ಆಮೇಲೆಯೇ ಮುಟ್ಟು. ವಿರುಪಣ್ಣ ಅದಕ್ಕೊಂದು ಹೆಜ್ಜೆ ಸೇರಿಸಿದ. ಟೆಸ್ಟರ್ ನೋಡಿದ ಮೇಲೆ, ಅರ್ಥಿಂಗಿಗೆ ಮುಂಚೆ, ಬಲಗೈ ಬೆರಳ ಹಿಂಬದಿಯಿಂದ ತಂತಿಯನ್ನು ಒಮ್ಮೆ ಸವರಬೇಕು.

“ಟೆಸ್ಟರ್ ನಂಬಬ್ಯಾಡ. ಅದರ ಶೆಲ್ ಸತ್ತಿದ್ರ ಅದು ಸುಳ್ಳ ಹೇಳತೈತಿ,” ಎಂದ. “ಅಂಗೈಲಿ ಮುಟ್ಟಿದ್ರ ಕೈ ಮುಚ್ಚಿಕೊಂಡು ತಂತಿ ಹಿಡೀತೈತಿ. ಬೆರಳ ಹಿಂದ ಮುಟ್ಟಿದ್ರ ಕೈ ತಾನ ಹಿಂದಕ್ಕ ಬರತೈತಿ. ಇದು ಪುಸ್ತಕದಾಗ ಇಲ್ಲವ್ವಾ. ನಿನಗಷ್ಟ ಹೇಳೇನಿ.”

ಅವನು ಮೋಸ ಮಾಡಲು ಹೇಳಿದ ಮಾತಲ್ಲ ಅದು. ಅವನ ಜೊತೆಗಾರ ಗಾಳೇಶ ಟೆಸ್ಟರ್ ನಂಬಿ ಮುಟ್ಟಿ ಬಲಗೈ ಕಳೆದುಕೊಂಡಿದ್ದ. ಯಲಬುರ್ಗಾದ ಹಳೆಯ ಲೈನ್‌ಮನ್‌ಗಳೆಲ್ಲ ಹೀಗೆ ಸವರಿಯೇ ಕೆಲಸ ಮಾಡುತ್ತಿದ್ದರು, ಸವರಿಯೇ ನಿವೃತ್ತರಾಗಿದ್ದರು. ಜೀವ ಉಳಿಸುವ ಪಾಠ ಹೇಳಿಕೊಟ್ಟೆ ಎಂದೇ ಅವನು ತಿಳಿದಿದ್ದ. ಆದರೆ ಸೋಲಾರ್ ಹಲಗೆಯಿಂದ ಬರುವ ಕರೆಂಟಿನ ಬಗೆಯೇ ಬೇರೆ. ಸಾವಿರ ವೋಲ್ಟಿನ ಆ ಕರೆಂಟು ಬೆರಳನ್ನು ಹಿಂದಕ್ಕೆ ಎಸೆಯುವುದಿಲ್ಲ, ನಿಂತಲ್ಲೇ ಸುಡುತ್ತದೆ. ಇದನ್ನು ಸುಭಾಷ್ ಗೋಡೆಯ ಚಿತ್ರದ ಮೇಲೆ ಎರಡು ದಿನ ಪಾಠ ಮಾಡಿದ್ದ. ಆ ಎರಡು ದಿನವೂ ವಿರುಪಣ್ಣ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದ. ನನಗೆ ಕಲಿಸುವುದು ಇವನಲ್ಲಿ ಏನಿದೆ ಎಂಬ ಗತ್ತು.

ಮಲ್ಲೇಶ್ವರಿ ಆ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಗುರು ಹೇಳಿದ್ದೆಂದು ದಿನವೂ ಮಾಡಿದಳು. ಅಭ್ಯಾಸದ ಹೊತ್ತಿನಲ್ಲಿ, ಯಾರಿಗೂ ಕಾಣದಷ್ಟು ಬೇಗ, ಬೆರಳ ಹಿಂಬದಿ ತಂತಿಯನ್ನು ಸವರಿ ಬರುತ್ತಿತ್ತು. ದೂರದಿಂದ ನೋಡಿ ವಿರುಪಣ್ಣನ ಮೈ ಜುಮ್ಮೆನ್ನುತ್ತಿತ್ತು. ಪರೀಕ್ಷೆಯ ದಿನ ಹಾಗೆ ಮಾಡಬೇಡವ್ವಾ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವಳ ಕೈಯಲ್ಲಿ ತನ್ನ ಕೈ ಕಾಣುವ ಸುಖಕ್ಕೆ ಅವನು ಸೋತುಹೋಗಿದ್ದ.

ಪರೀಕ್ಷೆಗೆ ಬಂದವರು ಗಂಗಾವತಿಯ ಅಂಜುಮ ಮೇಡಂ. ಐವತ್ತರ ಹತ್ತಿರದ ಹೆಂಗಸು, ಮೆಲ್ಲಗಿನ ದನಿ, ಕೈಯಲ್ಲಿ ಹಲಗೆಗೆ ಸಿಗಿಸಿದ ಹಾಳೆ. ಹದಿನೇಳನೆಯವಳಾಗಿ ಮಲ್ಲೇಶ್ವರಿ ಮುಂದೆ ಬಂದಳು. ಅದುವರೆಗೆ ಹದಿನಾರು ಮಂದಿ ತಡವರಿಸಿದ್ದನ್ನು ಅವಳು ಸರಾಗವಾಗಿ ಮಾಡತೊಡಗಿದಳು. ಬಂದ್ ಮಾಡಿದಳು, ಬೀಗ ಜಡಿದಳು, ಚೀಟಿ ತೂಗುಹಾಕಿದಳು. ಅಂಜುಮ ಮೇಡಂ ಪೆನ್ನು ಇಳಿಸಿ ಸುಮ್ಮನೆ ನೋಡುತ್ತ ನಿಂತುಬಿಟ್ಟಿದ್ದರು. ಟೆಸ್ಟರ್ ಹಿಡಿದು ನೋಡಿದಳು. ಆಮೇಲೆ, ದಿನದ ರೂಢಿಯಂತೆ ಕೈಗವಸು ಕಳಚಿ, ಬಲಗೈ ಬೆರಳ ಹಿಂಬದಿಯಿಂದ ತಂತಿಯನ್ನು ಸವರಿದಳು.

ಅಂಜುಮ ಮೇಡಂ ಅಲ್ಲಿಗೇ ನಿಲ್ಲಿಸಿದರು. ಅರ್ಥಿಂಗ್ ಕೊಡುವ ಮುಂಚೆ ಬರಿಗೈಯಲ್ಲಿ ಮುಟ್ಟಿದರೆ ಉಳಿದದ್ದೆಲ್ಲ ಎಷ್ಟೇ ಸರಿಯಿದ್ದರೂ ಅನುತ್ತೀರ್ಣ. ಸುರಕ್ಷತೆಯಲ್ಲಿ ತಪ್ಪಿದವರು ಎರಡು ವರ್ಷ ಮತ್ತೆ ಕೂರುವಂತಿಲ್ಲ. ಅಷ್ಟು ಹೇಳಿ ಅವರು ಬರೆಯಲಿಲ್ಲ, ಪೆನ್ನು ಹಿಡಿದೇ ಅವಳ ಮುಖ ನೋಡಿದರು. ಹೀಗೆ ಸವರುವುದು ಹಳೆಯ ಲೈನ್‌ಮನ್‌ಗಳ ರೂಢಿಯಲ್ಲವೇ, ಯಾರು ಕಲಿಸಿದರು ಎಂದು ಕೇಳಿದರು. ಮಲ್ಲೇಶ್ವರಿ ತಲೆ ತಗ್ಗಿಸಿ ನಿಂತಳು. ಅಂಜುಮ ಮೇಡಂ ವಿರುಪಣ್ಣನ ಕಡೆ ತಿರುಗಿದರು.

“ನೀವೇನಾರ ಕಲಿಸಿದ್ರೇನ್ರಿ ಇದನ್ನ?”

ಅಂಗಳದಲ್ಲಿ ಮೂವತ್ತು ಮಂದಿ, ಸುಭಾಷ್, ಕೆಲಸ ಕೊಡುವ ಕಂಪನಿಯ ಇಬ್ಬರು. ಎಲ್ಲರ ಕಣ್ಣೂ ಅವನ ಎದೆಯ ಮೇಲಿನ ಬಿಳಿ ದಾರದ ಅಕ್ಷರಗಳ ಮೇಲೆ ಇದೆ ಅನ್ನಿಸಿತು ವಿರುಪಣ್ಣನಿಗೆ. ಆ ತಿಂಗಳೇ ಅವನ ನೇಮಕದ ಅವಧಿ ಮುಗಿಯುತ್ತಿತ್ತು. ಅಂಗಿ ಬಿಚ್ಚಿ ಕೊಟ್ಟು ಯಲಬುರ್ಗಾಕ್ಕೆ ಮರಳಿ, ಕಟ್ಟೆಯ ಮೇಲೆ ಕೂತು, ಯಾರೂ ಬೈಯದ ಮಧ್ಯಾಹ್ನಗಳನ್ನು ಕಳೆಯುವುದು ಕಣ್ಣ ಮುಂದೆ ಬಂತು.

“ಇಲ್ರಿ ಮೇಡಂ,” ಎಂದ. “ಪುಸ್ತಕದಾಗ ಇದ್ದದ್ದಷ್ಟ ಹೇಳೇನಿ.”

ಅಂಜುಮ ಮೇಡಂ ಅಷ್ಟಕ್ಕೆ ಬಿಡದೆ, ಖರೇನ, ನೆನಪು ಮಾಡಿಕೊಂಡು ಹೇಳಿ ಎಂದು ಇನ್ನೊಮ್ಮೆ ಕೇಳಿದರು. ವಿರುಪಣ್ಣ ಇನ್ನೊಮ್ಮೆ ಇಲ್ಲವೆಂದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಸುಲಭವಾಗಿತ್ತು. ಮಲ್ಲೇಶ್ವರಿ ತಲೆ ಎತ್ತಿ ಅವನನ್ನು ಒಂದು ಸಲ ನೋಡಿದಳು. ಸಿಟ್ಟಿನಿಂದಲ್ಲ, ಇನ್ನೂ ಏನೋ ಬರಲಿದೆ ಎಂದು ಕಾಯುವವರ ಹಾಗೆ. ಏನೂ ಬರಲಿಲ್ಲ. ಆಗ ಅವಳು, ಯಾರೂ ಕಲಿಸಿಲ್ಲ, ನಾನೇ ಮಾಡಿದ್ದು ಎಂದು ಹೇಳಿ, ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಳು.

ಅಂದು ಸಂಜೆ ಹನುಮಸಾಗರದ ಬಸ್ಸು ಹೋಗುವವರೆಗೂ ವಿರುಪಣ್ಣ ಸಾಮಾನಿನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದ. ಹೊರಗೆ ಬಂದಾಗ ಅವಳಿರಲಿಲ್ಲ. ಹೋಗುವ ಮುಂಚೆ ಅವನನ್ನು ಹುಡುಕಿದಳಂತೆ, ಸಿಗಲಿಲ್ಲವೆಂದು ಹೋದಳಂತೆ. ಉಳಿದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಮಂದಿಗೆ ಕೆಲಸವಾಯಿತು. ವಿರುಪಣ್ಣನಿಗೆ ಇನ್ನೊಂದು ವರ್ಷದ ನೇಮಕವಾಯಿತು, ಹೊಸದೊಂದು ಅಂಗಿಯೂ ಬಂತು. ಅದನ್ನು ಅವನು ಸಂತೆಗೆ ಹಾಕಿಕೊಂಡು ಹೋಗಲಿಲ್ಲ.

ತಾನು ಹೂಂ ಅಂದಿದ್ದರೂ ಅವಳ ತಪ್ಪು ತಪ್ಪೇ ಆಗುತ್ತಿತ್ತು, ಇಬ್ಬರೂ ಮುಳುಗುತ್ತಿದ್ದೆವು, ಒಬ್ಬರಾದರೂ ಉಳಿದೆವು ಎಂದು ಅವನು ತನಗೆ ತಾನೇ ಹೇಳಿಕೊಂಡ. ಆ ಸಮಾಧಾನದ ಮೇಲೆ ಹೇಗೋ ಹನ್ನೊಂದು ತಿಂಗಳು ನಡೆಯಿತು. ಮುಂದಿನ ತಂಡದ ಪರೀಕ್ಷೆ ಬಂತು, ಅದೇ ಅಂಜುಮ ಮೇಡಂ ಬಂದರು. ಕಾರಟಗಿಯ ಹನಮೇಶ ಎಂಬ ಹುಡುಗ ಬೀಗ ಜಡಿದ ಮೇಲೆ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳದೆ ಪೆಟ್ಟಿಗೆಯ ಮೇಲೆ ಇಟ್ಟ. ಅದೂ ಸುರಕ್ಷತೆಯ ತಪ್ಪೇ. ಅಂಜುಮ ಮೇಡಂ ಪರೀಕ್ಷೆ ನಿಲ್ಲಿಸಿ, ಯಾರು ಹೀಗೆ ಕಲಿಸಿದರು ಎಂದು ಕೇಳಿದರು.

ಸುಭಾಷ್ ಕೈ ಎತ್ತಿದ. “ನಾನ ರಿ ಮೇಡಂ. ಕೀಲಿ ಅಲ್ಲೇ ಇಡ್ರಿ ಅಂತ ನಾನ ತಪ್ಪು ಹೇಳಿದ್ದೆ.”

ವಿರುಪಣ್ಣ ಈಗ ಸುಭಾಷ್‌ನಿಗೆ ಏನೋ ಆಗುತ್ತದೆ ಎಂದು ಕಾದ. ಆದದ್ದು ಇಷ್ಟು: ಅಂಜುಮ ಮೇಡಂ ಹಾಳೆ ತಿರುವಿ, ಕೆಳಗೆ ‘ಕಲಿಸಿದವರ ತಪ್ಪು’ ಎಂದಿದ್ದ ಚೌಕದಲ್ಲಿ ಗುರುತು ಹಾಕಿ, ಸುಭಾಷ್‌ನ ಸಹಿ ತೆಗೆದುಕೊಂಡು, ಕಲಿಸಿದವರ ತಪ್ಪಿಗೆ ಕಲಿತವರನ್ನು ಹೊಣೆ ಮಾಡುವಂತಿಲ್ಲ, ಏಳು ದಿನದೊಳಗೆ ಇವನಿಗೆ ಮರುಪರೀಕ್ಷೆ ಎಂದರು. ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಚಹಾ ಎಲ್ಲಿ ಎಂದು ಕೇಳಿದರು.

ವಿರುಪಣ್ಣ ಬಗ್ಗಿ ಆ ಚೌಕವನ್ನು ಓದಿದ. ಆ ಚೌಕ ಕಳೆದ ವರ್ಷವೂ ಆ ಹಾಳೆಯಲ್ಲಿತ್ತು. ಪರೀಕ್ಷೆಯ ಹಿಂದಿನ ದಿನ ಎಲ್ಲರಿಗೂ ಹಂಚಿದ್ದ ನಿಯಮಗಳಲ್ಲೂ ಇತ್ತು. ಅವನು ಓದದೆ ಸಹಿ ಹಾಕಿದ್ದ.

ಎಲ್ಲರೂ ಹೋದ ಮೇಲೆ ಅವನು ಸುಭಾಷ್‌ನ ಕೋಣೆಯಲ್ಲಿ ನಿಂತು, ಅಂಜುಮ ಮೇಡಂ ಎದುರಿಗೇ, ಕಳೆದ ವರ್ಷ ಆ ಹುಡುಗಿಗೆ ಕಲಿಸಿದವನು ನಾನೇ ಎಂದು ಹೇಳಿದ. ಏನು ಶಿಕ್ಷೆ ಬೇಕಾದರೂ ಕೊಡಿ, ಅವಳನ್ನು ಮತ್ತೆ ಕೂರಿಸಿ ಎಂದು ಕೈಮುಗಿದ. ಅಂಜುಮ ಮೇಡಂ ಅವರ ಮುಖದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಿಮ್ಮನ್ನ ಎರಡ ಸಲ ಕೇಳಿದ್ನೆಲ್ರಿ ನಾನು,” ಎಂದರು. “ಅಕಿಗೆ ಆ ಚೌಕ ತುಂಬಬೇಕು ಅಂತನ ಕೇಳಿದ್ದೆ. ಈಗ ಏಳು ದಿನ ಎಲ್ಲಿಂದ ತರೂದ್ರಿ?”

ಅವಳಿಗೆ ಇಪ್ಪತ್ತೈದು ಮುಗಿದಿತ್ತು. ವಿರುಪಣ್ಣನ ಮೇಲೆ ಯಾವ ಕ್ರಮವೂ ಆಗಲಿಲ್ಲ. ನಿಯಮದಲ್ಲಿ ಕಲಿಸಿದವನಿಗೆ ಶಿಕ್ಷೆಯೇ ಇರಲಿಲ್ಲ. ಯಾವುದಕ್ಕೆ ಹೆದರಿ ಅವನು ಆ ಹುಡುಗಿಯನ್ನು ಕೈಬಿಟ್ಟಿದ್ದನೋ ಅದು ಇರಲೇ ಇಲ್ಲ. ಸುಭಾಷ್ ಅವನ ಭುಜ ಮುಟ್ಟಿ, ಆದದ್ದಾಯಿತು ಬಿಡಿ ಎಂದ. ವಿರುಪಣ್ಣ ಅಂಗಿಯನ್ನು ಒಗೆದು, ಮಡಚಿ, ಮರುದಿನ ಮೇಜಿನ ಮೇಲಿಟ್ಟು ಬಂದ. ಯಾರೂ ಬಿಡು ಎನ್ನದಿದ್ದರೂ ಕೆಲಸ ಬಿಟ್ಟ. ಅದರಿಂದ ಅವಳಿಗೇನೂ ಆಗುವಂತಿರಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಆ ವಾರವೇ ಹನುಮಸಾಗರಕ್ಕೆ ಹೋದ. ಏನು ಹೇಳಬೇಕೆಂಬುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಶೇಂಗಾ ಸುಲಿಯುತ್ತಿದ್ದ ಹೆಂಗಸಿಗೆ ತನ್ನ ಹೆಸರು ಹೇಳಿದ್ದೇ ತಡ, ಆಕೆ ಮಡಿಲ ಶೇಂಗಾವನ್ನೆಲ್ಲ ಚೆಲ್ಲಿಕೊಂಡು ಎದ್ದು ನಿಂತಳು. ಫಕೀರಮ್ಮ ಅವನನ್ನು ಅದುವರೆಗೆ ನೋಡಿರಲಿಲ್ಲ. ಆದರೂ ತಲೆಯ ಮೇಲೆ ಸೆರಗೆಳೆದುಕೊಂಡು ಅವನ ಕಾಲು ಮುಟ್ಟಲು ಬಾಗಿದಳು. ವಿರುಪಣ್ಣ ಹಿಂದೆ ಸರಿದ, ಗೋಡೆ ತಾಗಿತು.

“ನಮ್ಮ ಮಲ್ಲಿ ಎಲ್ಲಾ ಹೇಳ್ಯಾಳ್ರಿ,” ಎಂದಳು ಫಕೀರಮ್ಮ. “ಅವತ್ತ ಅಷ್ಟು ಸಾಹೇಬ್ರ ಮುಂದ ನೀವೊಬ್ರ ಅಕಿ ಪರ ನಿಂತು ಮಾತಾಡಿದ್ರಂತ. ತಪ್ಪು ನನ್ನದ, ಹುಡುಗೀದಲ್ಲ ಅಂದ್ರಂತ. ಅವ್ರು ಕೇಳಲಿಲ್ಲಂತ. ಬಡವ್ರ ಮಕ್ಕಳಿಗೆ ಯಾರ್ರಿ ಹಿಂಗ ಅಂತಾರ?”

ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ವಿರುಪಣ್ಣ ನುಂಗಿಕೊಂಡ. ಆಕೆ ಚಾಪೆ ಹಾಸಿದಳು, ಚಹಾ ಕಾಸಿದಳು, ಹುರಿದ ಶೇಂಗಾ ಬೆಲ್ಲ ತಟ್ಟೆಯಲ್ಲಿಟ್ಟಳು. ಮಲ್ಲಿ ಈಗ ಊರೊಳಗೆ ಮೋಟಾರು ಸುತ್ತುವ ಅಂಗಡಿಯಲ್ಲಿದ್ದಾಳೆ, ಸುಟ್ಟ ಪಂಪುಗಳಿಗೆ ತಾಮ್ರದ ತಂತಿ ಸುತ್ತುತ್ತಾಳೆ, ಊಟಕ್ಕೆ ಬರುವ ಹೊತ್ತಾಯಿತು ಎಂದಳು. ಅವನು ಚಹಾ ಕುಡಿದ. ಕುಡಿಯದಿದ್ದರೆ ಆಕೆ ನೊಂದುಕೊಳ್ಳುತ್ತಿದ್ದಳು.

ಮಲ್ಲೇಶ್ವರಿ ಬಂದಳು. ಕೈ ತುಂಬ ವಾರ್ನಿಷ್ ಕಲೆ. ಅವನನ್ನು ಕಂಡು ಒಂದು ಕ್ಷಣ ಹೊಸ್ತಿಲಲ್ಲೇ ನಿಂತು, ಆಮೇಲೆ ನಮಸ್ಕಾರ ಮಾಡಿದಳು. ಊಟ ಮಾಡಿ ಹೋಗಬೇಕೆಂದು ತಾಯಿ ಹಟ ಹಿಡಿದಾಗ, ಸರ್‌ಗೆ ಬಸ್ಸಿನ ಹೊತ್ತಾಗಿದೆ ಎಂದು ಅವಳೇ ಬಿಡಿಸಿ, ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಜೊತೆಗೆ ಹೊರಟಳು.

ಓಣಿ ದಾಟಿದ ಮೇಲೆ ವಿರುಪಣ್ಣ ನಿಂತ. ಚೌಕದ ಮಾತು, ಏಳು ದಿನದ ಮಾತು, ಹನಮೇಶನ ಮಾತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನಾನು ಹೂಂ ಅಂದಿದ್ದರೆ ನಿನಗೆ ಕೆಲಸ ಸಿಗುತ್ತಿತ್ತು, ನನಗೂ ಏನೂ ಆಗುತ್ತಿರಲಿಲ್ಲ, ಅದು ನನಗೆ ಗೊತ್ತಿರಲಿಲ್ಲವ್ವಾ ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಅವಳು ತಡೆಯದೆ ಪೂರ್ತಿ ಕೇಳಿದಳು.

“ನನಗ ಗೊತ್ತಿತ್ರಿ ಸರ,” ಎಂದಳು. “ಆ ಹಾಳಿ ಹಿಂದಿನ ದಿನ ಪೂರ್ತಿ ಓದಿದ್ದೆ. ಅದಕ್ಕ ಸುಮ್ಮನ ನಿಂತಿದ್ದೆ. ನಾ ನಿಮ್ಮ ಹೆಸರು ಹೇಳಿದ್ರ ಚಾಡಿ ಹೇಳಿದಂಗ ಆಕ್ಕೈತಿ, ನೀವ ಹೇಳ್ತೀರಿ ಅಂತ ಕಾಯ್ದೆ.”

ದೂರದಲ್ಲಿ ಕುಷ್ಟಗಿಯ ಬಸ್ಸು ತಿರುವಿನಲ್ಲಿ ಬರುತ್ತಿತ್ತು. ಈಗಲೇ ಮನೆಗೆ ಹೋಗಿ ನಿಮ್ಮವ್ವನ ಮುಂದೆ ಇದ್ದದ್ದು ಇದ್ದಹಾಗೆ ಹೇಳಿ ಬರುತ್ತೇನೆ, ಅಷ್ಟಾದರೂ ಮಾಡುತ್ತೇನೆ ಎಂದು ವಿರುಪಣ್ಣ ಹಿಂದಿರುಗಿ ಹೆಜ್ಜೆಯಿಟ್ಟ. ಅವಳು ಅಡ್ಡ ಬಂದಳು.

“ಬ್ಯಾಡ್ರಿ. ಅವ್ವಗ ಹೇಳಬ್ಯಾಡ್ರಿ,” ಎಂದಳು. “ಕೆಲಸ ಹೋತು ಅಂತ ಅಕಿ ಎಂಟು ದಿನ ಉಂಡಿದ್ದಿಲ್ಲ. ಅಷ್ಟು ಮಂದ್ಯಾಗ ಒಬ್ರು ನಮ್ಮ ಪರ ಮಾತಾಡಿದ್ರು ಅಂತ ನಾ ಹೇಳಿದ ಮ್ಯಾಲೆ ಉಂಡ್ಲು. ಅಕಿಗೆ ಅಷ್ಟರ ಇರ್ಲಿ.”

ಬಸ್ಸು ಬಂದು ನಿಂತಿತು. ಅವಳು ಕಂಡಕ್ಟರಿಗೆ ಹೇಳಿ ಅವನಿಗೆ ಕಿಟಕಿಯ ಬದಿಯ ಸೀಟು ಕೊಡಿಸಿದಳು. ಫಕೀರಮ್ಮ ಒತ್ತಾಯದಿಂದ ಕಟ್ಟಿಕೊಟ್ಟಿದ್ದ ಶೇಂಗಾದ ಗಂಟನ್ನು ಅವನ ತೊಡೆಯ ಮೇಲಿಟ್ಟು, ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದಳು.